ದೋಣಿಯ ಮಾಸಿದ ಮೀಟರ್ ಫಲಕವನ್ನು ಸರಿಪಡಿಸುವ ಬಗೆ

ಸಣ್ಣ ದೋಣಿಯ ಚುಕ್ಕಾಣಿಯ ಎದುರಿಗಿರುವ ಮೀಟರ್ ಫಲಕ ವರ್ಷವಿಡೀ ಬಿಸಿಲಿಗೆ ಮುಖವೊಡ್ಡಿ, ಉಪ್ಪುನೀರಿನ ಎರಚಲನ್ನು ತಡೆದುಕೊಂಡು, ಅದರ ನಡುವೆಯೂ ದೋಣಿ ನಡೆಸುವ ತಾಂಡೇಲನು ಅರೆಕ್ಷಣ ಕಣ್ಣು ಹಾಯಿಸಿದಾಗ ಎಂಜಿನ್ನಿನ ಸ್ಥಿತಿಯನ್ನು ತಪ್ಪಿಲ್ಲದೆ ತಿಳಿಸಬೇಕು. ಕೆಲವು ವರ್ಷ ಕಳೆಯುವಷ್ಟರಲ್ಲಿ ಕಪ್ಪು ತಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ, ಸ್ವಿಚ್ಚುಗಳ ಕೆಳಗಿನ ಅಕ್ಷರಗಳು ಅಳಿಸಿಹೋಗುತ್ತವೆ, ಮೀಟರಿನ ಮುಖಗಾಜು ಹಳದಿಗಟ್ಟುತ್ತದೆ. ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಮಾಸುವುದು ಕೆಂಪು ಬಣ್ಣ. ಉಷ್ಣತೆಯ ಮೀಟರಿನಲ್ಲಿ ಅಪಾಯದ ಗಡಿಯನ್ನು ತೋರಿಸುವ ಕೆಂಪು ಪಟ್ಟಿ ಮೊದಲು ಕಿತ್ತಳೆಯಾಗಿ, ಬಳಿಕ ಒಣಹುಲ್ಲಿನ ಬಣ್ಣಕ್ಕಿಳಿದು, ಕೊನೆಗೆ ಬಿಳಿಯ ಅಂಕಿಗಳ ನಡುವೆ ಕಾಣದಾಗುತ್ತದೆ. ಮುಳ್ಳು ಆ ಗಡಿಯನ್ನು ದಾಟಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ಆದ್ದರಿಂದ ಫಲಕವನ್ನು ಸರಿಪಡಿಸಲು ಹೊರಟವರು ಮೊದಲು ನೋಡಬೇಕಾದದ್ದು ಅದನ್ನು ಓದಲು ಬರುತ್ತದೆಯೇ, ಓದಿದ್ದು ನಿಜವೇ ಎಂಬ ಎರಡು ಸಂಗತಿಗಳನ್ನು. ಹೊಳಪಿನ ಸರದಿ ಆಮೇಲೆ ಬರುತ್ತದೆ. ಈ ಲೇಖನವೂ ಅದೇ ಕ್ರಮದಲ್ಲಿ, ಮೊದಲು ಫಲಕದ ಬೆನ್ನಿನ ಕಡೆಯಿಂದ ಆರಂಭಿಸಿ ಆಮೇಲೆ ಮುಖದ ಕಡೆಗೆ ಬರುತ್ತದೆ.

ಇಲ್ಲಿ ಗಮನದಲ್ಲಿಟ್ಟುಕೊಂಡಿರುವುದು 20ರಿಂದ 30 ಅಡಿ ಉದ್ದದ, 12 ವೋಲ್ಟ್ ಬ್ಯಾಟರಿಯ, ಕೀಲಿಯಿಂದ ಚಾಲೂ ಆಗುವ ಒಳ ಡೀಸೆಲ್ ಎಂಜಿನ್ನಿನ ಫೈಬರ್ ದೋಣಿಯನ್ನು. ಹಗ್ಗ ಎಳೆದು ಚಾಲೂ ಮಾಡುವ, ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್ನಿನ ನಾಡದೋಣಿಗಳಲ್ಲಿ ಸಾಮಾನ್ಯವಾಗಿ ಇಂಥ ಫಲಕವೇ ಇರುವುದಿಲ್ಲ. ಕೀಲಿಯುಳ್ಳ ದೊಡ್ಡ ಔಟ್‌ಬೋರ್ಡ್‌ಗಳಿಗೆ ಇಲ್ಲಿ ಹೇಳಿದ ಬಹುಪಾಲು ಅನ್ವಯಿಸುತ್ತದೆ.

ಕೆಲಸಕ್ಕೆ ತಕ್ಕ ಕಾಲ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ, ಗಂಗೊಳ್ಳಿ, ಕಾರವಾರಗಳಲ್ಲಿ ದುರಸ್ತಿ ಕೆಲಸಗಳೆಲ್ಲ ಆ ಎರಡು ತಿಂಗಳಿಗೆ ಕಾದಿರುತ್ತವೆ. ಫಲಕವನ್ನು ಬಿಚ್ಚಲು, ವಯರಿಂಗ್ ಸರಿಪಡಿಸಲು, ಮೀಟರ್‌ಗಳನ್ನು ಪರೀಕ್ಷಿಸಲು ಅದು ಒಳ್ಳೆಯ ಕಾಲವೇ. ಬಣ್ಣ ಹಚ್ಚುವುದಕ್ಕೆ ಮಾತ್ರ ಅಲ್ಲ. ಗಾಳಿಯ ತೇವಾಂಶ ಶೇಕಡಾ 85ನ್ನು ಮೀರಿದಾಗ ಬಣ್ಣ ಹಚ್ಚಬಾರದೆಂಬುದು ಬಣ್ಣಗಾರಿಕೆಯ ಸಾಮಾನ್ಯ ನಿಯಮ. ಹಚ್ಚುವ ಮೇಲ್ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಆಷಾಢದ ಮಳೆಯಲ್ಲಿ ಕಡಲತಡಿಯ ತೆರೆದ ಚಪ್ಪರದ ಕೆಳಗೆ ಇದು ಸಾಧ್ಯವಾಗುವುದು ಅಪರೂಪ, ಮತ್ತು ಅಂಥಲ್ಲಿ ಹಚ್ಚಿದ ಬಣ್ಣ ಹಾಲುಬಿಳುಪಿಗೆ ತಿರುಗಿ ಮುಂದೆ ಸಿಪ್ಪೆಯೇಳುತ್ತದೆ. ಆದ್ದರಿಂದ ತಟ್ಟೆಯನ್ನು ಮೇ ತಿಂಗಳ ಮಧ್ಯದೊಳಗೇ ಬಿಚ್ಚಿ ಬಣ್ಣ ಮುಗಿಸಿಟ್ಟುಕೊಳ್ಳುವುದು, ಆಗದಿದ್ದರೆ ಊರೊಳಗಿನ ಕಾರು ಪೇಂಟರ್‌ರ ಮುಚ್ಚಿದ ಕೋಣೆಯಲ್ಲಿ ಮಾಡಿಸುವುದು ಮೇಲು.

ಬಿಚ್ಚುವ ಮೊದಲು

ಮೊದಲು ಎಂಜಿನ್ ಚಾಲೂ ಮಾಡಿ ಪ್ರತಿಯೊಂದು ಮೀಟರ್ ಏನು ತೋರಿಸುತ್ತದೆ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು: ಎಂಜಿನ್ ತಣ್ಣಗಿದ್ದಾಗ, ಬಿಸಿಯಾದ ಮೇಲೆ ನಿಧಾನಗತಿಯಲ್ಲಿ, ಮತ್ತು ಮಾಮೂಲು ಓಟದ ವೇಗದಲ್ಲಿ. ಕೆಲಸ ಮುಗಿದ ಮೇಲೆ ಹೋಲಿಸಿ ನೋಡಲು ಈ ಅಂಕಿಗಳ ಹೊರತು ಬೇರೆ ಆಧಾರವಿರುವುದಿಲ್ಲ. ಕೀಲಿ ತಿರುಗಿಸಿದಾಗ ಯಾವ ದೀಪಗಳು ಹತ್ತುತ್ತವೆ, ಎಚ್ಚರಿಕೆಯ ಬಜರ್ ಕೂಗುತ್ತದೆಯೇ ಎಂಬುದನ್ನೂ ಬರೆದಿಡಿ.

ಆಮೇಲೆ ಬ್ಯಾಟರಿಯನ್ನು ಬೇರ್ಪಡಿಸಬೇಕು. ಮೊದಲು ನೆಗೆಟಿವ್, ನಂತರ ಪಾಸಿಟಿವ್ ಬಿಚ್ಚಿ. ಮತ್ತೆ ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ನೆಗೆಟಿವ್ ಜೋಡಿಸಿಕೊಂಡೇ ಇರುವಾಗ ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಎಂಜಿನ್ನಿನ ಕಬ್ಬಿಣಕ್ಕೆ ತಗಲಿದರೆ ಬ್ಯಾಟರಿ ನೇರವಾಗಿ ಶಾರ್ಟ್ ಆಗಿ ಸುಡುವಷ್ಟು ದೊಡ್ಡ ಕಿಡಿ ಏಳುತ್ತದೆ ಎಂಬುದು ಈ ಕ್ರಮಕ್ಕೆ ಕಾರಣ. ಪೆಟ್ರೋಲ್ ಎಂಜಿನ್ನಿನ ದೋಣಿಯಾದರೆ ತಳದ ಮುಚ್ಚಳಗಳನ್ನೆಲ್ಲ ತೆರೆದು ಗಾಳಿಯಾಡಿಸಿದ ಮೇಲೆಯೇ ಬ್ಯಾಟರಿಗೆ ಕೈ ಹಾಕಬೇಕು.

ಫಲಕದ ಸ್ಕ್ರೂಗಳನ್ನು ತೆಗೆದು, ತಟ್ಟೆಯನ್ನು ವಯರುಗಳು ಬಿಡುವಷ್ಟೇ ಮುಂದಕ್ಕೆ ಬಾಗಿಸಿ, ಬೆನ್ನಿನ ಫೋಟೋಗಳನ್ನು ಹಲವು ಕೋನಗಳಿಂದ ತೆಗೆದುಕೊಳ್ಳಿ. ಪ್ರತಿಯೊಂದು ವಯರಿಗೂ ಗುರುತಿನ ಚೀಟಿ ಸುತ್ತಿ, ಅದು ಯಾವ ಮೀಟರಿನ ಯಾವ ತುದಿಗೆ ಸೇರಿದ್ದು ಎಂದು ಬರೆಯಿರಿ. ಅಮೆರಿಕದ ದೋಣಿ ತಯಾರಿಕೆಯ ಎಬಿವೈಸಿ ಮಾನದಂಡದಂತೆ ಕಟ್ಟಿದ ದೋಣಿಯಲ್ಲಿ ನೇರಳೆ ವಯರು ಕೀಲಿಯಿಂದ ಮೀಟರ್‌ಗಳಿಗೆ ಬರುವ ವಿದ್ಯುತ್ತಿಗೆ, ಬೂದು ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರಿಗೆ, ತಿಳಿನೀಲಿ ಆಯಿಲ್ ಪ್ರೆಷರಿಗೆ, ತಿಳಿಕಂದು ಉಷ್ಣತೆಗೆ, ಗುಲಾಬಿ ಇಂಧನದ ಮೀಟರಿಗೆ, ಕಡುನೀಲಿ ಮೀಟರ್ ದೀಪಗಳಿಗೆ, ಕಪ್ಪು ಅಥವಾ ಹಳದಿ ನೆಗೆಟಿವ್‌ಗೆ ಮೀಸಲು. ನಮ್ಮಲ್ಲಿ ಕಟ್ಟಿದ ದೋಣಿಗಳು ಮತ್ತು ಹಲವು ಬಾರಿ ದುರಸ್ತಿ ಕಂಡ ದೋಣಿಗಳು ಈ ಕ್ರಮದಲ್ಲಿಯೇ ಇರುತ್ತವೆಂದು ನಂಬುವಂತಿಲ್ಲ; ಅಂಗಡಿಯಲ್ಲಿ ಆ ದಿನ ಸಿಕ್ಕಿದ ಬಣ್ಣದ ವಯರನ್ನೇ ಎಳೆದಿರುತ್ತಾರೆ. ಬಣ್ಣವನ್ನು ಸುಳಿವೆಂದು ತಿಳಿದು, ಮಲ್ಟಿಮೀಟರಿನಿಂದ ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಟ್ಯಾಕೋಮೀಟರಿನ ಬೆನ್ನಿನಲ್ಲಿ ಆಲ್ಟರ್ನೇಟರಿನ ಪೋಲ್ ಸಂಖ್ಯೆ ಅಥವಾ ಅನುಪಾತವನ್ನು ಹೊಂದಿಸುವ ಸಣ್ಣ ತಿರುಪೋ ಸ್ವಿಚ್ಚೋ ಇದ್ದರೆ ಅದರ ಸ್ಥಾನವನ್ನು ಮರೆಯದೆ ಬರೆದುಕೊಳ್ಳಿ. ಕೈತಗಲಿ ಅದು ಸರಿದರೆ ಎಂಜಿನ್ನಿನ ಸುತ್ತುಗಳ ಲೆಕ್ಕವೇ ಸುಳ್ಳಾಗುತ್ತದೆ.

ಫಲಕದ ಬೆನ್ನು

ಹಳೆಯ ಫಲಕದ ಬೆನ್ನಿಗೆ ಟಾರ್ಚ್ ಹಿಡಿದು ನೋಡಿದರೆ ಹಿತ್ತಾಳೆಯ ತುದಿಗಳ ಸುತ್ತ ಹಸಿರು ಕಿಲುಬು ಹೂವಿನಂತೆ ಅರಳಿಕೊಂಡಿರುವುದು ಕಾಣುತ್ತದೆ. ಉಪ್ಪು ಗಾಳಿಯ ತೇವವನ್ನು ಸದಾ ಹೀರುತ್ತಿರುವುದರಿಂದ ಅಲ್ಲಿ ಎಂದೂ ಪೂರ್ತಿ ಒಣಗುವುದಿಲ್ಲ. ವಯರಿನ ತುದಿಗೆ ಒತ್ತಿರುವ ಲೋಹದ ಲಗ್ಗಿನ ಪಕ್ಕದ ಪ್ಲಾಸ್ಟಿಕ್ ಸಿಪ್ಪೆಯನ್ನು ಸ್ವಲ್ಪ ಸುಲಿದಾಗ ತಾಮ್ರದ ಎಳೆಗಳು ಕರ್ರಗಾಗಿದ್ದರೆ, ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಕತ್ತರಿಸುತ್ತ ಹೋಗಬೇಕು. ಕಪ್ಪಾದ ಎಳೆಗೆ ಹೊಸ ಲಗ್ ಒತ್ತಿ ಪ್ರಯೋಜನವಿಲ್ಲ. ವಯರು ಕುಳ್ಳಾದರೆ ತವರದ ಲೇಪವಿರುವ ಎಳೆಗಳ ಹೊಸ ವಯರನ್ನು ಬಳಸಿ. ಮನೆಯ ವಯರಿಂಗಿನ ಬರಿಯ ತಾಮ್ರ ಸಮುದ್ರದಲ್ಲಿ ಬಾಳುವುದಿಲ್ಲ. ಲಗ್ಗುಗಳನ್ನು ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ, ಒಳಗೆ ಅಂಟಿರುವ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಬೇಕು. ಬರೀ ಬೆಸುಗೆಯನ್ನೇ ನೆಚ್ಚಿಕೊಳ್ಳಬಾರದು, ಏಕೆಂದರೆ ಬೆಸುಗೆ ಮುಗಿಯುವ ಜಾಗದಲ್ಲಿ ವಯರು ಗಡುಸಾಗಿ ಎಂಜಿನ್ನಿನ ಅದುರಿಗೆ ಅಲ್ಲೇ ತುಂಡಾಗುತ್ತದೆ.

ಎಲ್ಲ ಮೀಟರ್‌ಗಳೂ ಒಟ್ಟಿಗೆ ತಪ್ಪು ತೋರಿಸುತ್ತಿದ್ದರೆ, ಅಥವಾ ದೀಪ ಹಾಕಿದೊಡನೆ ಮುಳ್ಳುಗಳೆಲ್ಲ ಅಲುಗಿದರೆ, ಮೀಟರ್‌ಗಳನ್ನು ದೂಷಿಸುವ ಮೊದಲು ಅವೆಲ್ಲಕ್ಕೂ ಒಂದೇ ಆಗಿರುವ ಅರ್ತ್, ಅಂದರೆ ನೆಗೆಟಿವ್, ವಯರನ್ನು ನೋಡಬೇಕು. ಬಹುತೇಕ ಸಂದರ್ಭಗಳಲ್ಲಿ ದೋಷವಿರುವುದು ಅಲ್ಲಿಯೇ. ಪರೀಕ್ಷೆ ಸರಳ: ಬ್ಯಾಟರಿಯನ್ನು ತಾತ್ಕಾಲಿಕವಾಗಿ ಜೋಡಿಸಿ, ಫಲಕದ ಸ್ವಿಚ್ಚುಗಳನ್ನೆಲ್ಲ ಹಾಕಿ, ಬ್ಯಾಟರಿಯ ತುದಿಗಳಲ್ಲಿ ಎಷ್ಟು ವೋಲ್ಟ್, ಫಲಕದಲ್ಲಿ ಎಷ್ಟು ವೋಲ್ಟ್ ಎಂದು ಅಳೆಯಿರಿ. ವ್ಯತ್ಯಾಸ ಶೇಕಡಾ 3ರೊಳಗೆ, ಅಂದರೆ 12 ವೋಲ್ಟಿನಲ್ಲಿ ಸುಮಾರು 0.36 ವೋಲ್ಟಿನೊಳಗೆ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲೂ ಇನ್ನೊಂದನ್ನು ಫಲಕದ ನೆಗೆಟಿವ್ ಮೇಲೂ ಇಟ್ಟು ನೋಡಿದರೆ ವೋಲ್ಟಿನ ನಷ್ಟ ಅರ್ತ್ ಕಡೆಯಲ್ಲಿದೆಯೇ ಎಂಬುದು ತಿಳಿಯುತ್ತದೆ.

ಮೀಟರ್ ನಿಜ ಹೇಳುತ್ತದೆಯೇ?

ಇಂಧನ, ಆಯಿಲ್ ಪ್ರೆಷರ್, ಉಷ್ಣತೆಯ ಮೀಟರ್‌ಗಳು ಟ್ಯಾಂಕಿನಲ್ಲೋ ಎಂಜಿನ್ನಿನಲ್ಲೋ ಕೂರಿಸಿದ, ಸೆಂಡರ್ ಎಂಬ ಅಳೆಯುವ ಬಿಡಿಭಾಗದ ಪ್ರತಿರೋಧವನ್ನು ಓದಿ ಮುಳ್ಳನ್ನು ಓಡಿಸುತ್ತವೆ. ಇದರಲ್ಲಿ ಎರಡು ಪದ್ಧತಿಗಳು ಹೆಚ್ಚಾಗಿ ಸಿಗುತ್ತವೆ. ಅಮೆರಿಕದ ಪದ್ಧತಿಯಲ್ಲಿ ಇಂಧನದ ಸೆಂಡರ್ ಟ್ಯಾಂಕ್ ಖಾಲಿಯಿರುವಾಗ ಸುಮಾರು 240 ಓಮ್, ತುಂಬಿದಾಗ ಸುಮಾರು 33 ಓಮ್ ತೋರಿಸಿದರೆ, ಯುರೋಪಿನ ಪದ್ಧತಿಯಲ್ಲಿ ಖಾಲಿಗೆ 10, ತುಂಬಿದ್ದಕ್ಕೆ 180 ಓಮ್ ಇರುತ್ತದೆ. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಜೋಡಿಸಿದರೆ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಮುಳ್ಳು ತುಂಬಿದೆ ಎನ್ನುತ್ತದೆ. ಹಾಳಾದ ಮೀಟರ್ ಬದಲಿಸುವಾಗ ಅಂಗಡಿಯವರಿಗೆ ಈ ಅಂಕಿಯನ್ನು ಹೇಳಿಯೇ ಕೊಳ್ಳಬೇಕು.

ಮೀಟರನ್ನೇ ಪರೀಕ್ಷಿಸಲು ಕೀಲಿ ಹಾಕಿ, ಸೆಂಡರಿನಿಂದ ಬರುವ ವಯರನ್ನು ಮೀಟರಿನ ಬೆನ್ನಿನಿಂದ ಬಿಡಿಸಿದರೆ ಮುಳ್ಳು ಒಂದು ಕೊನೆಗೆ ಹೋಗಬೇಕು. ಆ ತುದಿಯನ್ನು ಒಂದು ಕ್ಷಣ ಅರ್ತಿಗೆ ತಗಲಿಸಿದರೆ ಇನ್ನೊಂದು ಕೊನೆಗೆ ಹೋಗಬೇಕು. ಹಾಗಾದರೆ ಮೀಟರ್ ಸರಿಯಿದೆ, ದೋಷ ಸೆಂಡರಿನಲ್ಲೋ ವಯರಿನಲ್ಲೋ ಇದೆ ಎಂದರ್ಥ. ಉಷ್ಣತೆಯ ಮೀಟರಿಗೆ ಇಷ್ಟು ಸಾಲದು. ಎಂಜಿನ್ ತಣ್ಣಗಿರುವಾಗ ಅದರ ಸೆಂಡರನ್ನು ಬಿಚ್ಚಿ, ಅದರ ಲೋಹದ ಮೈಯನ್ನು ಒಂದು ವಯರಿನಿಂದ ಬ್ಯಾಟರಿಯ ನೆಗೆಟಿವ್‌ಗೆ ಜೋಡಿಸಿ, ಬಿಸಿನೀರಿನ ಪಾತ್ರೆಯಲ್ಲಿ ಥರ್ಮಾಮೀಟರಿನ ಜೊತೆ ಮುಳುಗಿಸಿ ಎರಡರ ಅಂಕಿಗಳನ್ನು ಹೋಲಿಸಬೇಕು. ಅರ್ಧ ಗಂಟೆಯ ಈ ಕೆಲಸಕ್ಕೆ ಸೋಮಾರಿತನ ಮಾಡಬೇಡಿ; ಎಂಜಿನ್ನನ್ನು ಉಳಿಸುವ ಮೀಟರ್ ಇದೊಂದೇ ಎಂದರೂ ತಪ್ಪಿಲ್ಲ.

ದೀಪಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಬಲ್ಬುಗಳನ್ನು ತೆಗೆದು ಎಲ್ಲ ಕಡೆಯೂ ಎಲ್‌ಇಡಿ ಹಾಕುವ ಉತ್ಸಾಹ ಸಹಜ. ಮೀಟರಿನೊಳಗಿನ ಬೆಳಕಿಗೆ ಅದು ಒಳ್ಳೆಯದೇ, ರಾತ್ರಿ ಓಡುವವರು ಕೆಂಪು ಬೆಳಕನ್ನು ಆರಿಸಿಕೊಂಡರೆ ಕಣ್ಣಿಗೆ ಕತ್ತಲಿನ ರೂಢಿ ತಪ್ಪುವುದಿಲ್ಲ. ಆದರೆ ಬ್ಯಾಟರಿ ಚಾರ್ಜಿಂಗಿನ ಎಚ್ಚರಿಕೆ ದೀಪವನ್ನು ಮುಟ್ಟುವ ಮುನ್ನ ಯೋಚಿಸಬೇಕು. ಅನೇಕ ಆಲ್ಟರ್ನೇಟರ್‌ಗಳು ಕೆಲಸ ಆರಂಭಿಸಲು ಬೇಕಾದ ಮೊದಲ ವಿದ್ಯುತ್ತನ್ನು ಈ ಬಲ್ಬಿನ ಮೂಲಕವೇ ಪಡೆಯುತ್ತವೆ. ಅಲ್ಲಿ ಎಲ್‌ಇಡಿ ಹಾಕಿದರೆ ಹರಿಯುವ ವಿದ್ಯುತ್ ಸಾಲದೆ ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗದಿರಬಹುದು. ಆ ಒಂದು ಜಾಗಕ್ಕೆ ಹಳೆಯ ವಾಟೇಜಿನ ಬಲ್ಬನ್ನೇ ಹಾಕಿ.

ಮುಖಗಾಜು

ಗಾಜೆಂದು ನಾವು ಕರೆಯುವುದು ಹೆಚ್ಚಿನ ಮೀಟರ್‌ಗಳಲ್ಲಿ ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆಗಿರುತ್ತದೆ. ಥಿನ್ನರ್, ಅಸಿಟೋನ್, ಪೆಟ್ರೋಲ್ ಇವುಗಳನ್ನೂ ಅಮೋನಿಯಾ ಇರುವ ಕಿಟಕಿ ಒರೆಸುವ ದ್ರವವನ್ನೂ ಇದರ ಹತ್ತಿರ ತರಬಾರದು. ಕೂದಲೆಳೆಯಂಥ ಬಿರುಕುಗಳು ಎದ್ದು ಗಾಜು ಶಾಶ್ವತವಾಗಿ ಮಂಜಾಗುತ್ತದೆ. ಮೊದಲು ಸಿಹಿನೀರನ್ನು ಧಾರಾಳವಾಗಿ ಹರಿಸಿ ಉಪ್ಪಿನ ಹರಳುಗಳನ್ನು ಕರಗಿಸಬೇಕು. ಒಣಬಟ್ಟೆಯಿಂದ ಉಜ್ಜಿದರೆ ಅದೇ ಹರಳುಗಳು ಗೀರು ಹಾಕುತ್ತವೆ. ಹಳದಿ ಮತ್ತು ಗೀರು ಮೇಲ್ಮೈಯಲ್ಲಿದ್ದರೆ 1500, 2000, 3000 ನಂಬರಿನ ವಾಟರ್ ಪೇಪರನ್ನು ಆ ಕ್ರಮದಲ್ಲಿ ನೀರು ಹಾಕಿಕೊಂಡು, ಒಂದು ನಂಬರಿನಲ್ಲಿ ಎಡಬಲವಾಗಿ, ಮುಂದಿನದರಲ್ಲಿ ಮೇಲೆಕೆಳಗೆ ತಿಕ್ಕಿ, ಕೊನೆಗೆ ಕಾರಿನ ಹೆಡ್‌ಲೈಟಿಗೆ ಬಳಸುವ ಪ್ಲಾಸ್ಟಿಕ್ ಪಾಲಿಷ್ ಹಾಕಿದರೆ ತಿಳಿಯಾಗುತ್ತದೆ. ಹೀಗೆ ತಿಕ್ಕುವಾಗ ಕಾರ್ಖಾನೆಯ ರಕ್ಷಣಾ ಲೇಪವೂ ಹೋಗುವುದರಿಂದ ಬಿಸಿಲು ತಡೆಯುವ ಲೇಪವನ್ನು ಮತ್ತೆ ಹಚ್ಚಲೇಬೇಕು.

ಒಳಗಡೆ ನೀರಿನ ಆವಿ ಕಟ್ಟಿರುವ, ಅಥವಾ ಕೆಂಪು ಪಟ್ಟಿ ಪೂರ್ತಿ ಮಾಸಿರುವ ಮೀಟರನ್ನು ಬಿಚ್ಚಿ ಒಳಗಿನ ಬಿಲ್ಲೆಗೆ ಬಣ್ಣ ಬಳಿಯುವುದನ್ನು ನಾನು ಸಲಹೆ ಮಾಡುವುದಿಲ್ಲ. ಉಂಗುರವನ್ನು ಅಂಚು ಮಡಚಿ ಕೂರಿಸಿರುತ್ತಾರೆ, ಒಮ್ಮೆ ಎಬ್ಬಿಸಿದರೆ ಮೊದಲಿನಂತೆ ನೀರು ತಡೆಯುವುದಿಲ್ಲ. ಅಂಥದ್ದನ್ನು ಬದಲಿಸುವುದೇ ಸರಿ. ಸಣ್ಣ ಮೀಟರ್‌ಗಳ ಸಾಮಾನ್ಯ ಅಳತೆ 52 ಮಿಲಿಮೀಟರ್, ಟ್ಯಾಕೋಮೀಟರಿನದು 85 ಮಿಲಿಮೀಟರ್ ಆದ್ದರಿಂದ ಹಳೆಯ ತೂತಿಗೇ ಹೊಂದುವ ಹೊಸತು ಸುಲಭವಾಗಿ ಸಿಗುತ್ತದೆ. ಬದಲಿಸುವವರೆಗೆ ಗಾಜಿನ ಹೊರಮುಖದ ಮೇಲೆ ಅಪಾಯದ ಗಡಿಗೆ ಸರಿಯಾಗಿ ಕೆಂಪು ಸ್ಟಿಕರಿನ ತೆಳುಪಟ್ಟಿ ಅಂಟಿಸಿಟ್ಟುಕೊಳ್ಳಬಹುದು; ಮುಳ್ಳಿಗೂ ಗಾಜಿಗೂ ಅಂತರವಿರುವುದರಿಂದ ನೇರ ಎದುರಿನಿಂದ ನೋಡಿ ಅಂಟಿಸಬೇಕು.

ತಟ್ಟೆ

ತಟ್ಟೆ ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ಮುಂದಿನ ಕೆಲಸ ನಿಂತಿದೆ. ಪ್ಲಾಸ್ಟಿಕ್ ಆಗಲಿ ಫೈಬರಿನ ಬಣ್ಣದ ಹೊರಪದರವಾದ ಜೆಲ್‌ಕೋಟ್ ಆಗಲಿ, ಬಿಸಿಲಿನ ಅತಿನೇರಳೆ ಕಿರಣ ಮೇಲ್ಪದರದ ಅಣುಸರಪಳಿಗಳನ್ನು ಮುರಿದಾಗ ಬಣ್ಣದ ಕಣಗಳು ಸಡಿಲವಾಗಿ, ಸುಣ್ಣದ ಗೋಡೆಗೆ ಒರಗಿದಾಗ ಅಂಗಿಗೆ ಹತ್ತುವಂತೆ, ಬೆರಳಿಗೆ ಬಿಳಿಪುಡಿ ಹತ್ತುತ್ತದೆ. ಜೆಲ್‌ಕೋಟ್ ಆದರೆ ಸಮಾಧಾನಪಡಬಹುದು. ಕೆಟ್ಟಿರುವುದು ಮೇಲಿನ ತೆಳುಪದರ ಮಾತ್ರ. 1000, 1500, 2000 ನಂಬರಿನ ವಾಟರ್ ಪೇಪರಿನಿಂದ ತಿಕ್ಕಿ, ರಬ್ಬಿಂಗ್ ಕಾಂಪೌಂಡ್ ಹಾಕಿ, ಮೇಣ ಹಚ್ಚಿದರೆ ಒಳಗಿನ ಬಣ್ಣ ಮರಳಿ ಬರುತ್ತದೆ.

ಎಬಿಎಸ್ ಪ್ಲಾಸ್ಟಿಕ್ಕಿಗೆ ಬಣ್ಣವೇ ಗತಿ. ಸೋಪುನೀರಿನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎಣ್ಣೆಯಂಶ ತೆಗೆದು, 400ರಿಂದ 600 ನಂಬರಿನಿಂದ ಹೊಳಪು ಮುರಿದು, ಪ್ಲಾಸ್ಟಿಕ್ಕಿಗೆ ಹಿಡಿತ ಕೊಡುವ ಪ್ರೈಮರ್ ಹಚ್ಚಿ, ಆಮೇಲೆ ತೆಳುವಾದ ಎರಡು ಮೂರು ಕೋಟ್ ಬಣ್ಣ ಹಾಕಬೇಕು. ಅಲ್ಯೂಮಿನಿಯಂ ತಟ್ಟೆಯಲ್ಲಿ ಹಳೆಯ ಬಣ್ಣದ ಕೆಳಗೆ ಬಿಳಿಪುಡಿಯ ಗುಳ್ಳೆಗಳು ಎದ್ದಿದ್ದರೆ ಅವನ್ನು ಲೋಹ ಕಾಣುವವರೆಗೂ ಕೆರೆದು, 320 ನಂಬರಿನಿಂದ ತಿಕ್ಕಿ, ಅಲ್ಯೂಮಿನಿಯಮ್ಮಿಗೆ ಹಿಡಿಯುವ ಎಚ್ (etch) ಪ್ರೈಮರನ್ನು ಅಂದೇ ಹಚ್ಚಬೇಕು. ಒಂದು ರಾತ್ರಿ ಬಿಟ್ಟರೂ ಕಡಲಗಾಳಿಗೆ ಮತ್ತೆ ಆಕ್ಸೈಡ್ ಪದರ ಬೆಳೆದಿರುತ್ತದೆ. ಹೊಳೆಯುವ ಕಪ್ಪಿಗಿಂತ ಅರೆಹೊಳಪಿನ ಕಪ್ಪು ಉತ್ತಮ, ಏಕೆಂದರೆ ಮಧ್ಯಾಹ್ನದ ಬಿಸಿಲು ಅದರಿಂದ ಕಣ್ಣಿಗೆ ಹೊಡೆಯುವುದಿಲ್ಲ. ಬಾಳಿಕೆಗೆ ಎರಡು ಡಬ್ಬಿ ಬೆರೆಸುವ ಪಾಲಿಯುರೆಥೇನ್ ಬಣ್ಣವನ್ನು ಮೀರಿಸಿದ್ದಿಲ್ಲವಾದರೂ ಅದರ ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯಕಾರಿ. ಬಟ್ಟೆಯ ಮಾಸ್ಕ್ ಕಟ್ಟಿಕೊಂಡು ಅದನ್ನು ಸ್ಪ್ರೇ ಮಾಡಬಾರದು, ತಕ್ಕ ಸಲಕರಣೆಯಿರುವ ಪೇಂಟರ್‌ರಿಗೇ ಕೊಡಬೇಕು.

ಮೀಟರಿನ ತೂತುಗಳ ಅಂಚಿನಿಂದ ಬಿರುಕುಗಳು ಹೊರಟಿರುವ ತಟ್ಟೆಗೆ ಬಣ್ಣ ಹಚ್ಚಿ ಶ್ರಮ ವ್ಯರ್ಥ ಮಾಡಬೇಡಿ. ಅದನ್ನೇ ಅಚ್ಚಾಗಿಟ್ಟುಕೊಂಡು 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯಲ್ಲಿ ಹೊಸ ತಟ್ಟೆ ಕತ್ತರಿಸಿಕೊಳ್ಳಬಹುದು.

ಅಕ್ಷರಗಳು

ಹಳೆಯ ತಟ್ಟೆಯಲ್ಲಿ ಅಕ್ಷರಗಳನ್ನು ಕೊರೆದಿದ್ದರೆ ಅದು ಭಾಗ್ಯವೆಂದೇ ಹೇಳಬೇಕು. ತಟ್ಟೆಯ ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಆ ಬಣ್ಣವನ್ನು ಕರಗಿಸದ ನೀರಿನ ಆಧಾರದ ಬಿಳಿ ಅಕ್ರಿಲಿಕ್ ಬಣ್ಣವನ್ನು ಸಣ್ಣ ಕುಂಚದಿಂದ ಕೊರೆತದ ಮೇಲೆ ಧಾರಾಳವಾಗಿ ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಅಕ್ಷರಕ್ಕೆ ಓರೆಯಾಗಿ ಎಳೆದರೆ ಮೇಲಿನ ಬಣ್ಣವೆಲ್ಲ ಬಂದು ಗೀರಿನೊಳಗಿನದು ಮಾತ್ರ ಉಳಿಯುತ್ತದೆ. ಉಳಿದ ಮಸುಕನ್ನು ಬೆರಳಿಗೆ ಬಿಗಿಯಾಗಿ ಸುತ್ತಿದ ಒದ್ದೆಬಟ್ಟೆಯಿಂದ ಒರೆಸಬೇಕು. ಬಟ್ಟೆ ಸಡಿಲವಾಗಿದ್ದರೆ ಕೊರೆತದೊಳಗೆ ಇಳಿದು ಬಣ್ಣವನ್ನು ಎತ್ತಿಬಿಡುತ್ತದೆ. ಅಳಿಸಿಹೋಗಿದ್ದ ಅಕ್ಷರಗಳು ಒಂದೊಂದಾಗಿ ಕಪ್ಪಿನ ಮೇಲೆ ಬೆಳ್ಳಗೆ ಮೂಡುವ ಈ ಹಂತ ಇಡೀ ಕೆಲಸದಲ್ಲಿ ಅತ್ಯಂತ ತೃಪ್ತಿ ಕೊಡುವಂಥದ್ದು.

ಅಚ್ಚು ಹಾಕಿದ ಅಕ್ಷರಗಳಾಗಿದ್ದರೆ ನೇಮ್‌ಪ್ಲೇಟ್ ಅಂಗಡಿಯಲ್ಲಿ ಎರಡು ಬಣ್ಣದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೊರೆಸಿ ಸ್ಕ್ರೂ ಹಾಕುವುದು ಬಹುಕಾಲ ಬಾಳುತ್ತದೆ. ರೇಡಿಯಂ ಸ್ಟಿಕರ್ ಅಂಗಡಿಯ ಕತ್ತರಿಸಿದ ಅಕ್ಷರಗಳು ಅಗ್ಗ, ಆದರೆ ಒದ್ದೆ ಬೆರಳು ಪದೇ ಪದೇ ತಗಲುವ ಸ್ವಿಚ್ಚಿನ ಪಕ್ಕದಲ್ಲಿ ಅಂಚು ಏಳುತ್ತದೆ. ಮೇಲೆ ಪಾರದರ್ಶಕ ಲೇಪವಿದ್ದರೆ ಒಂದಿಷ್ಟು ಹೆಚ್ಚು ತಾಳುತ್ತದೆ. ಯಾವುದನ್ನೇ ಆರಿಸಿದರೂ, ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪ್, ಸಂಚಾರ ದೀಪ, ಎಂಜಿನ್ ನಿಲುಗಡೆ ಈ ಮೂರರ ಹೆಸರನ್ನು ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಓದಲು ಬರುವ ಲಿಪಿಯಲ್ಲಿ, ಜೊತೆಗೊಂದು ಚಿತ್ರಚಿಹ್ನೆಯೊಡನೆ ದೊಡ್ಡದಾಗಿ ಬರೆಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ತಾಂಡೇಲನಿಗೆ ಅವು ಬಾಯಿಪಾಠವಿರಬಹುದು. ಅವನೇ ನೀರಿಗೆ ಬಿದ್ದ ದಿನ ಫಲಕದ ಮುಂದೆ ನಿಲ್ಲುವವನು ಬೇರೊಬ್ಬ.

ಮರುಜೋಡಣೆ

ಮೀಟರ್‌ಗಳನ್ನು ಕೂರಿಸುವಾಗ ಹಳೆಯ ರಬ್ಬರ್ ಬಳೆಗಳನ್ನು ಎಸೆದು ಹೊಸತನ್ನು ಹಾಕಿ, ಹಿಂದಿನ ನಟ್ಟನ್ನು ಕೈಯಿಂದ ಬಿಗಿಯುವಷ್ಟೇ ಬಿಗಿಯಿರಿ. ಫಲಕದ ಅಂಚಿಗೆ ಸಿಲಿಕೋನ್ ಹಚ್ಚುವುದಾದರೆ ವಿನೆಗರ್ ವಾಸನೆ ಬರುವ ಬಗೆಯದು ಬೇಡ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಪಾಲಿಸಲ್ಫೈಡ್ ಸೀಲಂಟ್ ಅಕ್ರಿಲಿಕ್ ಮತ್ತು ಎಬಿಎಸ್ ಎರಡನ್ನೂ ಕೆಡಿಸುತ್ತದೆ. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ, ತಟ್ಟೆ ಅಲ್ಯೂಮಿನಿಯಮ್ಮಿನದಾದರೆ ಸ್ಕ್ರೂ ತಲೆಯ ಕೆಳಗೆ ನೈಲಾನ್ ವಾಷರ್ ಹಾಕಿ, ಇಲ್ಲದಿದ್ದರೆ ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿ ಅಲ್ಯೂಮಿನಿಯಂ ಸವೆಯುತ್ತದೆ. ದಿಕ್ಸೂಚಿ ಹತ್ತಿರದಲ್ಲಿದ್ದರೆ ಅದರ ಬಳಿ ಸಾಗುವ ಪಾಸಿಟಿವ್ ಮತ್ತು ನೆಗೆಟಿವ್ ವಯರುಗಳನ್ನು ಒಂದಕ್ಕೊಂದು ಹೆಣೆದು ಒಯ್ಯಬೇಕು. ಹಾಗೆ ಮಾಡಿದಾಗ ಅವುಗಳ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗುತ್ತವೆ. ವಯರುಗಳಿಗೆ ಕೆಳಕ್ಕೆ ಇಳಿದು ಮತ್ತೆ ಮೇಲೇರುವ ಒಂದು ಬಾಗು ಕೊಟ್ಟರೆ ಅವುಗಳ ಮೇಲೆ ಹರಿದು ಬಂದ ನೀರು ಲಗ್ಗನ್ನು ಮುಟ್ಟುವ ಮೊದಲೇ ತೊಟ್ಟಿಕ್ಕಿಹೋಗುತ್ತದೆ.

ಬ್ಯಾಟರಿ ಜೋಡಿಸಿ, ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿ ನೋಡಿದ ಮೇಲೆ ಎಂಜಿನ್ ಚಾಲೂ ಮಾಡಿ. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿಯ ವೋಲ್ಟ್‌ಮೀಟರ್ 12.6ರ ಆಸುಪಾಸಿನಲ್ಲಿದ್ದು, ಓಡುವಾಗ 13.8ರಿಂದ 14.4ಕ್ಕೆ ಏರಬೇಕು. ಉಳಿದ ಅಂಕಿಗಳನ್ನು ಬಿಚ್ಚುವ ಮೊದಲು ಬರೆದಿಟ್ಟುಕೊಂಡಿದ್ದವುಗಳೊಡನೆ ಹೋಲಿಸಿ; ಆಯಿಲ್ ಪ್ರೆಷರ್ ಅಥವಾ ಉಷ್ಣತೆಯಲ್ಲಿ ವ್ಯತ್ಯಾಸ ಕಂಡರೆ ಹೊಸ ಅಂಕಿ ಸರಿಯೋ ಹಳೆಯದು ಸುಳ್ಳಾಗಿತ್ತೋ ಎಂಬುದು ಎಂಜಿನ್ನಿನ ಕೈಪಿಡಿಯೊಡನೆ ತಾಳೆ ನೋಡಿ ತೀರ್ಮಾನವಾಗುವವರೆಗೂ ಅಳಿವೆ ದಾಟಿ ಹೋಗಬಾರದು. ದಿಕ್ಸೂಚಿಯನ್ನು ಗೊತ್ತಿರುವ ಎರಡು ಗುರುತುಗಳಿಗೆ ಹಿಡಿದು, ಫಲಕದ ದೀಪಗಳು ಹತ್ತಿರುವಾಗಲೂ ಆರಿರುವಾಗಲೂ ನೋಡಿ. ಮೊದಲ ಕೆಲವು ಓಟಗಳ ಬಳಿಕ ಫಲಕವನ್ನು ಮತ್ತೊಮ್ಮೆ ಬಾಗಿಸಿ ಲಗ್ಗುಗಳ ನಟ್ಟುಗಳನ್ನು ಬಿಗಿ ನೋಡುವುದು, ಪ್ರತಿ ಓಟದ ನಂತರ ಮುಖವನ್ನು ಸಿಹಿನೀರಿನಿಂದ ತೊಳೆಯುವುದು, ದೋಣಿ ನಿಂತಿರುವಾಗ ಗಾಳಿಯಾಡುವ ದಪ್ಪ ಬಟ್ಟೆಯ ಹೊದಿಕೆ ಹಾಕುವುದು, ಮೂರು ನಾಲ್ಕು ತಿಂಗಳಿಗೊಮ್ಮೆ ತಟ್ಟೆಗೆ ಮೇಣ ಹಚ್ಚುವುದು ಇವಿಷ್ಟು ಮುಂದೆ ಉಳಿಯುವ ಕೆಲಸಗಳು. ಹೊದಿಕೆಗೆ ಪ್ಲಾಸ್ಟಿಕ್ ಹಾಳೆ ಬೇಡ, ಅದರ ಕೆಳಗೆ ಬೆವೆತ ನೀರು ಮೀಟರಿನ ಉಂಗುರದ ಸಂದಿನಲ್ಲಿ ನಿಲ್ಲುತ್ತದೆ.